15 ನ್ಯೂಟನ್‌ನಿಂದ ಮುಂದಕ್ಕೆ ಎಳೆದ ಪೆಟ್ಟಿಗೆಗೆ ಮೈನಸ್ ವೇಗೋತ್ಕರ್ಷ ಬಂದದ್ದೇಕೆ?

ನಿಮ್ಮ ಲೆಕ್ಕ ಇದು: ಮೇಜಿನ ಮೇಲೆ 5 ಕೆಜಿ ಪೆಟ್ಟಿಗೆ ಸುಮ್ಮನೆ ಕೂತಿದೆ. ಸ್ಥಾಯಿ ಘರ್ಷಣೆಯ ಗುಣಾಂಕ 0.4, ಜಾರು ಘರ್ಷಣೆಯದು 0.3, ಜಿ, ಅಂದರೆ ಗುರುತ್ವದ ವೇಗೋತ್ಕರ್ಷದ ಬೆಲೆ 10; ಹಾಗಾಗಿ ಪೆಟ್ಟಿಗೆಯ ಭಾರ 50 ನ್ಯೂಟನ್. ಮೇಜಿಗೆ ಸಮಾಂತರವಾಗಿ 15 ನ್ಯೂಟನ್ ಎಳೆತ. ನೀವು ಘರ್ಷಣೆ 0.4 × 50 = 20 ಎಂದು ಹಾಕಿ, 15 − 20 = −5, ವೇಗೋತ್ಕರ್ಷ −1 ಎಂದು ತಂದಿದ್ದೀರಿ.

ಅದು ನಿಜವಾದರೆ ಮುಂದಕ್ಕೆ ಎಳೆದ ಪೆಟ್ಟಿಗೆ ಹಿಂದಕ್ಕೆ ಓಡಬೇಕು! ಕೂಡಿ ಕಳೆದದ್ದರಲ್ಲಿ ತಪ್ಪಿಲ್ಲ. ಆ 20 ಸ್ಥಾಯಿ ಘರ್ಷಣೆಯ ಬೆಲೆಯಲ್ಲ, ಅದರ ಮೇಲ್ಮಿತಿ. ಪೆಟ್ಟಿಗೆ ಜಾರದಿರಲು ಎಷ್ಟು ಬೇಕೋ ಅಷ್ಟೇ ಘರ್ಷಣೆ ಹುಟ್ಟುತ್ತದೆ: 3 ನ್ಯೂಟನ್ ಎಳೆದರೆ 3, 15 ಎಳೆದರೆ 15. ಹಾಗಾಗಿ ಇಲ್ಲಿ ಘರ್ಷಣೆ 15, ವೇಗೋತ್ಕರ್ಷ ಸೊನ್ನೆ. ಎಳೆತ 20 ದಾಟಿದ ಮೇಲೆ ಪೆಟ್ಟಿಗೆ ಜಾರುತ್ತದೆ, ಆಗ 0.3ರ ಸರದಿ. 25 ನ್ಯೂಟನ್ ಎಳೆದರೆ ಜಾರು ಘರ್ಷಣೆ 15, ಉಳಿದದ್ದು 10, ಅದನ್ನು 5 ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ 2.

ಆದ್ದರಿಂದ ಘರ್ಷಣೆಯ ಸೂತ್ರಕ್ಕೆ ಮೊದಲೇ ಕೈ ಹಾಕಬೇಡಿ. ಪೆಟ್ಟಿಗೆಯೊಂದರದ್ದೇ ಚಿತ್ರ ಬಿಡಿಸಿ, ಅದನ್ನು ಮುಟ್ಟಿದ್ದು ಏನೇನು ಎಂದು ನೋಡಿ: ಮೇಜು, ಹಗ್ಗ. ಮುಟ್ಟದೆ ಎಳೆಯುವುದು ಭೂಮಿ ಮಾತ್ರ. ಇಷ್ಟಕ್ಕೆ ಬಾಣ ಹಾಕಿದರೆ ಮುಗಿಯಿತು. ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂಬುದಕ್ಕೆ ಬಾಣ ಇಲ್ಲ; ಅದು ಬಲಗಳೆಲ್ಲ ಸೇರಿ ಬಂದ ಫಲ, ಇನ್ನೊಂದು ಬಲವಲ್ಲ. ಆಮೇಲೆ ಮೊದಲು ಲಂಬ ದಿಕ್ಕಿನ ಸಮೀಕರಣ ಬರೆಯಿರಿ. ಮೇಜು ಮೇಲಕ್ಕೆ ಒತ್ತುವ ಬಲ, ಕ್ಲಾಸಿನಲ್ಲಿ ನಾರ್ಮಲ್ ಅನ್ನುತ್ತಾರಲ್ಲ, ಅದು ಅಲ್ಲಿಂದಲೇ ಸಿಗಬೇಕು. ಅದನ್ನು ಕಣ್ಣು ಮುಚ್ಚಿ 50 ಎಂದು ಬರೆಯುವುದು ಮುಂದಿನ ಲೆಕ್ಕದಲ್ಲಿ ಕೈಕೊಡುತ್ತದೆ.

ಹೇಗೆಂದರೆ, ಅದೇ 25 ನ್ಯೂಟನ್ ಹಗ್ಗವನ್ನು 37 ಡಿಗ್ರಿ ಮೇಲಕ್ಕೆ ಓರೆಯಾಗಿ ಎಳೆಯಿರಿ. ಸೈನ್ 37 ಸುಮಾರು 0.6, ಕೊಸೈನ್ 0.8. ಮೇಲಕ್ಕೆ 15, ಮುಂದಕ್ಕೆ 20. ಹಗ್ಗವೇ 15 ನ್ಯೂಟನ್ ಭಾರ ಹೊತ್ತಿದ್ದರಿಂದ ಮೇಜಿನ ಪಾಲಿಗೆ 35 ಮಾತ್ರ. ಸ್ಥಾಯಿ ಮಿತಿ 14ಕ್ಕೆ ಇಳಿಯಿತು, ಪೆಟ್ಟಿಗೆ ಜಾರಿತು; ಜಾರು ಘರ್ಷಣೆ 10.5, ವೇಗೋತ್ಕರ್ಷ 9.5 ಭಾಗಿಸು 5, ಅಂದರೆ 1.9.

ಈಗ ಅದೇ 25 ನ್ಯೂಟನ್ನಿನಿಂದ, ಅದೇ ಕೋನದಲ್ಲಿ, ಹಿಂದಿನಿಂದ ಕೆಳಮುಖವಾಗಿ ತಳ್ಳಿ. ಮುಂದಕ್ಕೆ ಸಿಗುವುದು ಆಗಲೂ 20. ಆದರೆ ಮೇಜಿನ ಮೇಲೆ ಬೀಳುವುದು 65, ಮಿತಿ 26. ಪೆಟ್ಟಿಗೆ ಅಲುಗುವುದೇ ಇಲ್ಲ. ಈ ಕೋನದಲ್ಲಿ ಎಳೆದು ಹೊರಡಿಸಲು 19.2 ನ್ಯೂಟನ್ ಸಾಕು, ತಳ್ಳಿ ಹೊರಡಿಸಲು 35.7 ಬೇಕು. ನೆಲದ ಮೇಲಿನ ಭಾರವಾದ ಟ್ರಂಕನ್ನು ಬಗ್ಗಿ ತಳ್ಳುವುದಕ್ಕಿಂತ ಹಿಡಿ ಹಿಡಿದು ಎತ್ತಿ ಎಳೆಯುವುದು ಸುಲಭವಾಗುವುದು ಇದರಿಂದಲೇ.

ಇಳಿಜಾರಿನಲ್ಲೂ ಇದೇ ಕ್ರಮ, ಅಕ್ಷ ಮಾತ್ರ ಇಳಿಜಾರಿನ ಗುಂಟ. 37 ಡಿಗ್ರಿಯಲ್ಲಿ ನಾರ್ಮಲ್ 40, ಕೆಳಕ್ಕೆ ಎಳೆಯುವ ಭಾಗ 30, ಸ್ಥಾಯಿ ಮಿತಿ 16. ಜಾರುತ್ತದೆ; ಜಾರು ಘರ್ಷಣೆ 12, ಉಳಿದದ್ದು 18, ವೇಗೋತ್ಕರ್ಷ 3.6.

ಘರ್ಷಣೆಯ ದಿಕ್ಕಿನ ಬಗ್ಗೆಯೂ ಒಂದು ಮಾತು. "ಚಲನೆಗೆ ವಿರುದ್ಧ" ಎಂದು ಬಾಯಿಪಾಠ ಮಾಡಿದ್ದರೆ ಬಿಟ್ಟುಬಿಡಿ. ಅದು ವಿರೋಧಿಸುವುದು ತಾಗಿರುವ ಎರಡು ಮೈಗಳ ನಡುವಿನ ಜಾರುವಿಕೆಯನ್ನು. ಇದೇ ಪೆಟ್ಟಿಗೆ ಇದೇ ಗುಣಾಂಕದ ಲಾರಿ ಹಲಗೆಯ ಮೇಲಿದ್ದು, ಲಾರಿ 3ರ ವೇಗೋತ್ಕರ್ಷದಲ್ಲಿ ಹೊರಟರೆ, ಪೆಟ್ಟಿಗೆಯನ್ನು ಮುಂದಕ್ಕೆ ಒಯ್ಯುವ 15 ನ್ಯೂಟನ್ ಘರ್ಷಣೆಯದ್ದೇ. ಲಾರಿಯ ವೇಗೋತ್ಕರ್ಷ 4 ದಾಟಿದರೆ ಪೆಟ್ಟಿಗೆ ಹಿಂದೆ ಉಳಿಯುತ್ತದೆ.

ಇಷ್ಟೆಲ್ಲ ಸರಿ ಮಾಡಿಯೂ ಮೈನಸ್ ಬಂದರೆ ಕ್ಯಾಲ್ಕುಲೇಟರ್ ನೋಡಿ. ಅದು ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ ಸೈನ್ 37ಕ್ಕೆ −0.64, ಕೊಸೈನ್‌ಗೆ 0.77 ತೋರಿಸುತ್ತದೆ. ಅಂಕಿಗಳು ಸರಿ ಉತ್ತರಕ್ಕೆ ಎಷ್ಟು ಹತ್ತಿರವೆಂದರೆ, ಚಿಹ್ನೆಯಲ್ಲಿ ಮಾತ್ರ ತಪ್ಪಿದೆ ಅಂದುಕೊಂಡು ಮೈನಸ್ ಅಳಿಸಿ ಮುಂದೆ ಹೋಗಿಬಿಡುತ್ತೀರಿ. 30 ಡಿಗ್ರಿ ಹಾಕಿ ನೋಡಿ: 0.5 ಬರದೆ −0.99 ಬಂದರೆ ಮೋಡ್ ಬದಲಿಸಿ.