ಹೊಲದಾಗ ಇದ್ದಾಗ ಗುಡುಗು ಶುರುವಾದ್ರೆ ಯಾವ ಮರದ ಕೆಳಗೆ ನಿಲ್ಲೋದು ಸುರಕ್ಷಿತ?

ಯಾವ ಮರದ ಕೆಳಗೂ ಅಲ್ಲ. ಬೇವು ಆದರೇನು, ಹುಣಸಿ ಆದರೇನು. ನೀವು ಪ್ರಶ್ನೆಯ ಕೆಳಗೆ ಇನ್ನೊಂದು ಮಾತು ಬರೆದೀರಿ: "ಮೊಬೈಲಿಗೆ ದಿನಾ ಸಿಡಿಲಿನ ಎಚ್ಚರಿಕೆ ಬರುತ್ತೆ, ಏನೂ ಆಗಲ್ಲ, ಹೀಗಾಗಿ ಕೆಲಸ ಬಿಟ್ಟು ಹೋಗಲ್ಲ" ಅಂತ. ಅದನ್ನು ಓದಿದಾಗ ನನಗೆ ನನ್ನದೇ ದನಿ ಕೇಳಿಸಿತು. ಅದೂ ಬಲಗಿವಿಯಲ್ಲಿ. ಎಡಗಿವಿ ಕೇಳಿಸೋದು ನಿಂತು ಬಹಳ ದಿನ ಆಯ್ತು.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟ. ಹಸಿ ಹಣ್ಣು ಮಾರೋದು ಕಡಿಮೆ, ಬಹುಪಾಲು ಮಣೂಕ, ಅಂದ್ರೆ ಒಣದ್ರಾಕ್ಷಿ. ಮಣೂಕದ ಶೆಡ್ ನೋಡದವರಿಗೆ ಹೇಳ್ತೀನಿ: ಕಬ್ಬಿಣದ ಆ್ಯಂಗಲ್ ನಿಲ್ಲಿಸಿ, ಮೇಲೆ ತಗಡು ಹೊದಿಸಿ, ನಡುವೆ ಒಂದರ ಮೇಲೊಂದು ಜಾಳಿಗೆ ಕಟ್ಟಿರ್ತಾರೆ. ಗೋಡೆ ಇಲ್ಲ, ಗಾಳಿ ಆಡಬೇಕಲ್ಲ. ಸುಮಾರು 4 ಕಿಲೋ ಹಣ್ಣು ಒಣಗಿದರೆ 1 ಕಿಲೋ ಮಣೂಕ. ಅದಕ್ಕೆ ಹದಿನೈದು ದಿನ ಕಾಯಬೇಕು. ಹದಿಮೂರನೇ ದಿನ ಎರಚಲು ಹೊಡೆದರೆ ಕಾಳು ಕಪ್ಪಗಾಗಿ ಇಡೀ ಲಾಟಿನ ರೇಟ್ ಬಿದ್ದಹಾಗೆ. ಈ ಲೆಕ್ಕ ತಲೆಯಲ್ಲಿದ್ದವನಿಗೆ ಸಿಡಿಲಿಗಿಂತ ಮಳೆಯ ಹೆದರಿಕೆ ದೊಡ್ಡದು.

2022ರ ಏಪ್ರಿಲ್ ಕೊನೆ, ಅಶ್ವಿನಿ ಮಳೆಯ ದಿನಗಳು. ಬೆಳಗಿನಿಂದ ಬಿಸಿಲು ಅಂದ್ರೆ ಬಿಸಿಲು, ಮಧ್ಯಾಹ್ನ ಮೂರಕ್ಕೆ ಗಾಳಿ ಪೂರಾ ಬಿತ್ತು. ಬಬಲೇಶ್ವರದ ಕಡೆ ಮೋಡ ಹೂಕೋಸಿನ ಹಾಗೆ ಮೇಲಕ್ಕೇಳುತ್ತಿತ್ತು. ಬೆಳಿಗ್ಗೆಯೇ ಹವಾಮಾನ ಇಲಾಖೆಯ ಯೆಲ್ಲೋ ಅಲರ್ಟ್ ಬಂದಿತ್ತು, ಇಡೀ ಜಿಲ್ಲೆಗೆ. ಜಿಲ್ಲೆ ಅಂದ್ರೆ ಹತ್ತು ಸಾವಿರ ಚದರ ಕಿಲೋಮೀಟರ್ ದಾಟುತ್ತದೆ, ಆಲಮಟ್ಟಿಯಿಂದ ಮಹಾರಾಷ್ಟ್ರದ ಗಡಿ ತನಕ. ಅದು ನನ್ನ ಹೊಲಕ್ಕೇ ಬಂತು ಅಂತ ಯಾರು ನಂಬ್ತಾರೆ? ಅಲ್ಲೀತನಕ ನನ್ನದು ತಪ್ಪಲ್ಲ, ಬಿಡಿ. ಆದರೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆಪ್ ಕೂಡ ಕಿಸೆಯೊಳಗೆ ಕೂಗಿತು. ಅದು ಜಿಲ್ಲೆಯ ಮಾತಾಡೋದಿಲ್ಲ, ನೀವು ನಿಂತ ಜಾಗದ ಸುತ್ತ ಎಲ್ಲಿ ಮಿಂಚುತ್ತಿದೆ ಅಂತ ತೋರಿಸುತ್ತದೆ. ತೆಗೆದು ನೋಡಿದೆ, ಮತ್ತೆ ಕಿಸೆಗಿಟ್ಟೆ.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಅದು ದಡ್ಡತನದ ತಪ್ಪಲ್ಲ, ಓದಿದವನ ತಪ್ಪು.

ಮಿಂಚು ಕಂಡಿತು, ಎಣಿಸಿದೆ. ಇಪ್ಪತ್ತೊಂದಕ್ಕೆ ಗುಡುಗು. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡ್ ಬೇಕು, ಅಂದ್ರೆ 7 ಕಿಲೋಮೀಟರ್. ಮೋಡ ಇಲ್ಲಿಗೆ ಬರೋದಕ್ಕೆ ಇನ್ನೂ ಹದಿನೈದು ಇಪ್ಪತ್ತು ನಿಮಿಷ, ಶೆಡ್ಡಿನ ಮಗ್ಗಲಿಗೆ ತಾಡಪತ್ರಿ ಇಳಿಸೋದು ಹತ್ತು ನಿಮಿಷದ ಕೆಲಸ. ಲೆಕ್ಕ ಸರಿ ಇತ್ತು! ಇವತ್ತಿಗೂ ಅದರಲ್ಲಿ ಒಂದು ಸೆಕೆಂಡಿನ ತಪ್ಪು ಸಿಗೋದಿಲ್ಲ. ಆದರೆ ನಾನು ಎಣಿಸಿದ್ದು ಆಗಲೇ ಬಿದ್ದು ಮುಗಿದ ಸಿಡಿಲಿನ ದೂರ. ಮುಂದಿನದು ಎಲ್ಲಿ ಬೀಳುತ್ತದೆ ಅನ್ನೋದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಸಿಡಿಲು ನಮ್ಮೂರ ಬಸ್ಸಿನ ಹಾಗೆ ಸ್ಟಾಪ್ ಸ್ಟಾಪಿಗೆ ನಿಂತು ಬರೋದಿಲ್ಲ. ಮೋಡದಿಂದ ಹತ್ತು ಕಿಲೋಮೀಟರ್ ಆಚೆಗೂ, ತಲೆ ಮೇಲೆ ಬಿಸಿಲು ಇದ್ದಾಗಲೂ ಬೀಳುತ್ತದೆ. ಮೂವತ್ತು ಎಣಿಸೋದರೊಳಗೆ ಗುಡುಗು ಕೇಳಿಸಿತು ಅಂದ್ರೆ ನೀವು ಆಗಲೇ ಅದರ ಕೈಯೊಳಗೆ ಇದ್ದೀರಿ. ನಾನು ಇಪ್ಪತ್ತೊಂದಕ್ಕೆ "ಇನ್ನೂ ದೂರ ಐತಿ" ಅಂದವ.

ನಮ್ಮ ಪಿಕಪ್ ಗಾಡಿ ಶೆಡ್ಡಿನಿಂದ ಐವತ್ತು ಹೆಜ್ಜೆಯೊಳಗೆ ನಿಂತಿತ್ತು. ಅದರ ಪಕ್ಕದಲ್ಲೇ ಹಾದು ತಾಡಪತ್ರಿಗೆ ಹೋದೆ.

ಕಾಕಾ ಬೇವಿನ ಮರದ ಹತ್ತಿರ ಇದ್ದರು, ಎತ್ತು ಬಿಚ್ಚೋದಕ್ಕೆ. "ಕಾಕಾ, ಗಾಡ್ಯಾಗ ಹೋಗಿ ಕುಂದರ್ರಿ, ನಾ ಬಂದೆ" ಅಂದೆ. "ನೀ ಮೊದಲ ಆ ಕಡೀದು ಕಟ್ಟೋ ತಮ್ಮಾ, ಇವನ್ನ ಬಿಚ್ಚಿ ಬರ್ತೇನಿ" ಅಂದರು. ಒಂದು ಮಗ್ಗಲು ಕಟ್ಟಿ ಮುಗಿಸಿದೆ. ಎರಡನೆಯದಕ್ಕೆ ಹಗ್ಗ ಎಳೆಯುತ್ತಾ ಎಡಗೈಯಿಂದ ಆ್ಯಂಗಲ್ ಹಿಡಿದಿದ್ದೆ. ಹನಿ ಇನ್ನೂ ಬಿದ್ದಿರಲಿಲ್ಲ.

ಶಬ್ದ ಕೇಳಿದ ನೆನಪಿಲ್ಲ. ಬಿಳಿ ಬೆಳಕು, ಬಾಯೊಳಗೆ ತಾಮ್ರದ ನಾಣ್ಯ ಇಟ್ಟ ಹಾಗೆ ರುಚಿ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಸಿಡಿಲು ಹೊಡೆದದ್ದು ಬೇವಿಗೆ. ಮರದ ತೊಗಟೆ ಮೇಲಿಂದ ಬುಡದತನಕ ಒಂದು ಗೇಣು ಅಗಲಕ್ಕೆ ಸುಲಿದು, ಒಳಗಿನ ಕಟ್ಟಿಗೆ ಒದ್ದೆ ಒದ್ದೆ ಕಾಣುತ್ತಿತ್ತು. ಎರಡೂ ಎತ್ತು ಸತ್ತಿದ್ದವು, ಮೈಮೇಲೆ ಒಂದು ಗಾಯ ಇಲ್ಲ. ಕರೆಂಟ್ ಮರದಿಂದ ನೆಲಕ್ಕಿಳಿದು ಸುತ್ತಲೂ ಹರಡುತ್ತದೆ, ಮುಂಗಾಲಿನಿಂದ ಏರಿ ಹಿಂಗಾಲಿನಿಂದ ಇಳಿಯುತ್ತದೆ. ದನಕ್ಕೆ ಆ ಅಂತರ ಜಾಸ್ತಿ, ನಡುವೆ ಎದೆ ಬರುತ್ತದೆ. ಕಾಕಾ ಮಕಾಡೆ ಬಿದ್ದಿದ್ದರು, ಉಸಿರು ಇರಲಿಲ್ಲ.

ಹಣ್ಣು ಬಿಡಿಸೋ ಹೆಣ್ಣಾಳುಗಳು ಓಡಿ ಬಂದರು. "ಮುಟ್ಟಬ್ಯಾಡ್ರಿ, ಮೈಯಾಗ ಕರೆಂಟ್ ಐತಿ" ಅಂತ ಯಾರೋ ಕೂಗಿದರು, ಎಲ್ಲರೂ ನಿಂತುಬಿಟ್ಟರು. ಅವರಲ್ಲಿ ಒಬ್ಬಾಕೆಯ ಮಗಳು ನರ್ಸಿಂಗ್ ಓದುತ್ತಿದ್ದಳು, ರಜೆಗೆ ಅಂತ ತಾಯಿ ಜೊತೆ ಬಂದವಳು. "ಏನೂ ಇರಂಗಿಲ್ಲ, ಸರೀರಿ" ಅಂತ ಎಲ್ಲರನ್ನೂ ನೂಕಿ, ಕಾಕಾನನ್ನು ಅಂಗಾತ ಹೊರಳಿಸಿ ಎದೆ ಒತ್ತೋದಕ್ಕೆ ಶುರು ಮಾಡಿದಳು. 108 ಬರೋತನಕ ಬಿಡಲಿಲ್ಲ. ಕಾಕಾ ಬದುಕಿದರು. ನನ್ನ ಕಿವಿಯ ಪರದೆ ಹರಿದು ನರಕ್ಕೂ ಪೆಟ್ಟಾಗಿತ್ತು, ಅದು ಸರಿಹೋಗಲಿಲ್ಲ. ಮಳೆ? ಹತ್ತು ನಿಮಿಷ ತುಂತುರು. ಮಣೂಕ ಕೆಡಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಎಲ್ಲಿ ನಿಲ್ಲಬೇಕು ಅಂತ ಕೇಳ್ತಿದ್ದೀರಿ, ಹೊಲದಲ್ಲಿ ನಿಲ್ಲೋ ಜಾಗವೇ ಇಲ್ಲ. ಯಾವಾಗ ಹೊರಡಬೇಕು ಅಂತ ಕೇಳಬೇಕಿತ್ತು. ಉತ್ತರ ನಿಮಗೆ ಇಷ್ಟ ಆಗಲಿಕ್ಕಿಲ್ಲ: ಮೊದಲ ಗುಡುಗಿಗೇ. ಗೋಡೆ ಇರೋ ಪಕ್ಕಾ ಮನೆ, ಇಲ್ಲಾ ಗಾಜು ಏರಿಸಿದ ಕಾರು, ಇವೆರಡೇ. ಗಾಡಿಯಲ್ಲಿ ಕಾಪಾಡೋದು ಟೈರಿನ ರಬ್ಬರ್ ಅಲ್ಲ, ಸುತ್ತಲಿನ ತಗಡು. ಅದು ಕರೆಂಟನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಟ್ರ್ಯಾಕ್ಟರ್, ಬೈಕ್, ಪಿಕಪ್ಪಿನ ಹಿಂದಿನ ತೆರೆದ ಡಬ್ಬಿ, ಗೋಡೆ ಇಲ್ಲದ ಶೆಡ್ ಯಾವುದೂ ಲೆಕ್ಕಕ್ಕಿಲ್ಲ. ಕಾಲಲ್ಲಿ ರಬ್ಬರ್ ಚಪ್ಪಲಿ ಇದೆಯಲ್ಲ ಅಂತೀರಾ? ಮೋಡದಿಂದ ನೆಲದತನಕ ಗಾಳಿಯನ್ನೇ ಸೀಳಿ ಬಂದದ್ದಕ್ಕೆ ಅರ್ಧ ಇಂಚಿನ ಚಪ್ಪಲಿ ಯಾವ ಅಡ್ಡಿ? ಕುಕ್ಕರಗಾಲಲ್ಲಿ ಕೂತರೆ ಸಾಕು ಅನ್ನೋರ ಮಾತನ್ನೂ ನಂಬಬೇಡಿ, ಅದು ಬೇರೆ ಯಾವ ದಾರಿಯೂ ಇಲ್ಲದವನಿಗೆ. ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆ ಆಗೋತನಕ ಹೊರಗೆ ಬರಬೇಡಿ.

ಎಚ್ಚರಿಕೆ ದಿನಾ ಬಂದು ಸುಳ್ಳಾಗುತ್ತೆ ಅಂತೀರಿ. ಯೆಲ್ಲೋ ಅಲರ್ಟ್ ಅಂದ್ರೆ ಕೆಲಸ ಬಿಡಿ ಅಂತಲ್ಲ, ಇವತ್ತು ಮಧ್ಯಾಹ್ನ ಗಾಡಿ ಎಲ್ಲಿ ನಿಲ್ಲಿಸಬೇಕು, ಎತ್ತು ಎಲ್ಲಿ ಕಟ್ಟಬೇಕು ಅಂತ ಬೆಳಿಗ್ಗೆಯೇ ನೋಡಿಕೊಳ್ಳಿ ಅಂತ. ಹವಾಮಾನ ಇಲಾಖೆ ಮೂರು ತಾಸಿನೊಳಗಿನದು ಅಂತ ಬೇರೆ ಎಚ್ಚರಿಕೆಯನ್ನೂ ಕೊಡುತ್ತದೆ, ಅದು ಬಂದಾಗ ಹೊಸ ಕೆಲಸ ಹಿಡಿಯಬೇಡಿ. ದಾಮಿನಿಯೋ, ನಮ್ಮ ರಾಜ್ಯದವರ ಸಿಡಿಲು ಆಪೋ ನಿಮ್ಮ ಸುತ್ತ ಮಿಂಚು ತೋರಿಸಿದರೆ ಎದ್ದು ನಡೀರಿ.

ನಮ್ಮ ಹತ್ತಿರ ಈಗ ಒಂದೇ ಲೆಕ್ಕ. ಗಾಡಿಯ ಕ್ಯಾಬಿನ್ನಿನಲ್ಲಿ ಒತ್ತಿ ಕೂತರೆ ಓಡಿಸೋನನ್ನು ಬಿಟ್ಟು ನಾಲ್ಕು ಮಂದಿ, ಆಳುಗಳು ಎಂಟು. ಮನೆಗೆ ಎರಡು ಟ್ರಿಪ್, ಹೋಗಿ ಬರೋದಕ್ಕೆ ಇಪ್ಪತ್ತು ನಿಮಿಷ. ಹೀಗಾಗಿ ಗುಡುಗೂ ಕಾಯೋದಿಲ್ಲ, ಮೋಡ ಕಪ್ಪೇರಿದ ಕೂಡಲೇ ಮೊದಲ ನಾಲ್ವರು ಹೊರಡ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ತೋಟದಲ್ಲಿ ಗಾಡಿಗೆ ಕೀಲಿ ಹಾಕೋದನ್ನೂ ಬಿಟ್ಟೀವಿ.