ಪರಿಚಯದವರು ಬರದ ಎಎ ಮೀಟಿಂಗ್ ಬೆಂಗಳೂರಿನಲ್ಲಿ ಎಲ್ಲಿದೆ?

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು. ಅದರ ಮೀಟಿಂಗ್‌ನಲ್ಲಿ ಯಾರೂ ಗುರುತು ಹಿಡಿಯಬಾರದು, ಬರುವವರೂ ಸ್ವಲ್ಪ ಓದಿದವರಾಗಿರಬೇಕು, ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ಸಾಕಾ ಅಂತ ಕೇಳಿದ್ದೀರಿ. ನಾನೂ ಹುಡುಕಿದ್ದು ಇಂಥದ್ದನ್ನೇ. ಸಿಕ್ಕಿತು ಕೂಡ. ಅದೇ ನನ್ನನ್ನು ಮುಳುಗಿಸಿತು.

ನನ್ನ ಮನೆ ಹನುಮಂತನಗರದಲ್ಲಿ. ನಡೆದು ಹೋಗುವಷ್ಟು ಹತ್ತಿರದಲ್ಲೇ ಒಂದು ಕನ್ನಡ ಮೀಟಿಂಗ್ ನಡೆಯುತ್ತಿತ್ತು. ನಾನು ಆರಿಸಿಕೊಂಡದ್ದು ವೈಟ್‌ಫೀಲ್ಡ್ ಕಡೆಯ ಇಂಗ್ಲಿಷ್ ಮೀಟಿಂಗ್. ಆಗ ಅಲ್ಲಿ ತನಕ ಮೆಟ್ರೋ ಇರಲಿಲ್ಲ. ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ 335ಇ. ಮಾರತಹಳ್ಳಿ ಬ್ರಿಡ್ಜ್ ದಾಟುವ ಹೊತ್ತಿಗೆ ಅಲ್ಲಿ ಅರ್ಧ ಮೀಟಿಂಗ್ ಮುಗಿದಿರುತ್ತಿತ್ತು. ಹಿಂದೆ ಕೂತು, ಶೇರ್ ಮಾಡುವ, ಅಂದರೆ ತನ್ನ ಕುಡಿತದ ಕಥೆ ಹೇಳುವ ಸರದಿ ಬಂದರೆ "ಪಾಸ್" ಅಂದುಬಿಡುತ್ತಿದ್ದೆ. ಅಪ್ಪನ ಜೇಬಿನಿಂದ ದುಡ್ಡು ಎತ್ತಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಬೇರೆ ಯಾರದೋ ಕಥೆಯ ಹಾಗೆ ಕೇಳಿಸುತ್ತಿತ್ತು.

ದೂರ ಹೋದದ್ದು ಅಷ್ಟು ದೊಡ್ಡ ತಪ್ಪಾ ಅಂತ ನಿಮಗೆ ಅನಿಸಬಹುದು. ಬಿಡಿಸಿ ಹೇಳುತ್ತೇನೆ. ದೂರದ ಮೀಟಿಂಗ್ ತಪ್ಪಿಸಲು ನೆಪ ಹುಡುಕಬೇಕಿಲ್ಲ. ಮಳೆ ಬಂದರೆ ಆಯಿತು, ಟ್ರಾಫಿಕ್ ಅಂದರೆ ಆಯಿತು. ಕುಡಿಯಬೇಕು ಅನಿಸಿದಾಗ ಫೋನ್ ಮಾಡಿ ಅಂತ ಆ ಗ್ರೂಪಿನವರು ಹೇಳಿದ್ದರು. ಮಾಡಿದರೂ ಅಷ್ಟು ದೂರದಿಂದ ಯಾರು ಬರುತ್ತಾರೆ? ಅಂಥ ಜಾಗವನ್ನೇ ತಾನೇ ನಾನು ಹುಡುಕಿದ್ದು. ಇನ್ನು ವಾಪಸ್ ಬರುವಾಗ ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ ಬದಲಿಸಬೇಕು. ಮೆಜೆಸ್ಟಿಕ್‌ನಲ್ಲಿ ಏನೇನಿದೆ ಅಂತ ಕುಡಿಯುವವರಿಗೆ ಹೇಳಬೇಕಾ? ಒಂದು ದಿನ ಮೀಟಿಂಗ್ ಮುಗಿಸಿ ಖುಷಿಯಾಗಿಯೇ ಇಳಿದೆ. ಒಂದೇ ಒಂದು ನೈಂಟಿ ಅಂತ ಒಳಗೆ ಹೋದೆ. ಆಮೇಲೆ ಆ ಗ್ರೂಪಿಗೆ ಮುಖ ತೋರಿಸಲು ಆಗಲಿಲ್ಲ. ಕೇಳಿಕೊಂಡು ಬರಲು ಅವರಿಗೆ ನನ್ನ ಮನೆಯೂ ಗೊತ್ತಿರಲಿಲ್ಲ. ನಾನು ಕುಡಿಯುವುದು ಬೀದಿಗೆಲ್ಲ ಗೊತ್ತಿತ್ತು ನೋಡಿ. ಬಿಡುತ್ತಿದ್ದೇನೆ ಅನ್ನುವುದನ್ನು ಮುಚ್ಚಿಡಲು ಅಷ್ಟು ದೂರ ಓಡಾಡಿದ್ದು!

ಹೆಂಡತಿ ಮಗಳನ್ನು ಕರೆದುಕೊಂಡು ತುಮಕೂರಿಗೆ, ತವರಿಗೆ ಹೊರಟುಹೋದಳು. ಆ ರೋಷಕ್ಕೆ ಒಬ್ಬನೇ ಬಾಗಿಲು ಹಾಕಿಕೊಂಡು ಒಂದೇ ಸಲಕ್ಕೆ ನಿಲ್ಲಿಸಿದೆ. ಕೈ ನಡುಕ ಶುರುವಾಯಿತು, ಇಲ್ಲದ್ದೆಲ್ಲ ಕಾಣಿಸಿತು, ಫಿಟ್ಸ್ ಬಂತು. ದಿನಾ ಜಾಸ್ತಿ ಕುಡಿಯುವವರು ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ ಅಂತ ಗೊತ್ತಾದದ್ದು ಆಸ್ಪತ್ರೆಯಲ್ಲಿ. ನಿಮಗೂ ಬೆಳಿಗ್ಗೆ ಕೈ ನಡುಗುತ್ತಿದ್ದರೆ ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್. ಎಎಯಲ್ಲಿ ಔಷಧಿ ಕೊಡುವುದಿಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಲ್ಲಿಗೆ ಹೋಗುವುದು ತಿಳಿಯದಿದ್ದರೆ ಸರ್ಕಾರದ ಸಹಾಯವಾಣಿ 14446.

ಓದಿದವರು ಬೇಕು ಅಂತೀರಲ್ಲ, 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಎಎ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಸರ್ಜನ್. ಬಾಟಲಿಯ ಮುಂದೆ ಅವರ ಓದು ಏನೂ ನಡೆಯಲಿಲ್ಲ. ಆಮೇಲೆ ನಾನು ಮನೆ ಹತ್ತಿರದ ಮೀಟಿಂಗ್‌ಗೇ ಸೇರಿದೆ. ಅಲ್ಲಿಯ ನನ್ನ ಸ್ಪಾನ್ಸರ್, ಅಂದರೆ ಮೊದಲೇ ಕುಡಿತ ಬಿಟ್ಟು ಈಗ ನನಗೆ ದಾರಿ ತೋರಿಸುವವರು, ಆಟೋ ಓಡಿಸುತ್ತಾರೆ. ನಮ್ಮ ಪಕ್ಕದ ರಸ್ತೆಯವರು. ಒಂದು ರಾತ್ರಿ ಫೋನ್ ಮಾಡಿದಾಗ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿ, "ಹತ್ತಿ ಸರ್, ಟೀ ಕುಡಿಯೋಣ" ಅಂದರು. ವೈಟ್‌ಫೀಲ್ಡಿನಿಂದ ಯಾರು ಹಾಗೆ ಬರುತ್ತಿದ್ದರು?

ಹಾಗಾಗಿ ಮನೆಗೆ ಹತ್ತಿರದ ಮೀಟಿಂಗ್‌ಗೆ ಹೋಗಿ. ಎಎ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ. ಜಾಗ, ಸಮಯ ಬದಲಾಗುತ್ತಿರುತ್ತದೆ, ಫೋನ್ ಮಾಡಿಯೇ ಹೊರಡಿ. ಕನ್ನಡ ಮೀಟಿಂಗಾ, ಓಪನ್ ಮೀಟಿಂಗಾ ಅಂತ ಕೇಳಿ. ಓಪನ್ ಆದರೆ ಮನೆಯವರನ್ನೂ ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರು ಮಾತ್ರ. ಫೀಸ್ ಇಲ್ಲ. ಕೊನೆಯಲ್ಲಿ ಡಬ್ಬಿ ಬಂದರೂ ದುಡ್ಡು ಹಾಕಲೇಬೇಕು ಅಂತೇನಿಲ್ಲ. ನಿಮ್ಮ ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪೇ ಇದೆ. ನನ್ನ ಹೆಂಡತಿ ನನಗಿಂತ ನಿಯತ್ತಾಗಿ ಹೋಗುತ್ತಾಳೆ.

ಊರಿಗೆ ಹೋಗಿ ಬಿಡೋಣ ಅಂತಿದ್ದರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಹಳ್ಳಿ ಕಡೆ ನಡೆಯುತ್ತವೆ, ಎಂಟು ದಿನದ್ದು. ಶಿಬಿರ ಮುಗಿಸಿದವರು ಆಮೇಲೆ ಸೇರಿಕೊಳ್ಳಲು ನವಜೀವನ ಸಮಿತಿಗಳಿವೆ. ಶಿಬಿರಕ್ಕೆ ಹೋಗಿ ಸಮಿತಿ ಬಿಡಬೇಡಿ.

ಇನ್ನು ಆನ್‌ಲೈನ್. ರಾತ್ರಿ ನಿದ್ದೆ ಬರದಿದ್ದಾಗ ಅಥವಾ ಬೇರೆ ಊರಿನಲ್ಲಿದ್ದಾಗ ಒಳ್ಳೆಯದೇ. ಆದರೆ ಕ್ಯಾಮೆರಾ ಆಫ್ ಮಾಡಿದರೆ ಬಾಯಿಯ ವಾಸನೆ ಯಾರಿಗೂ ಬರುವುದಿಲ್ಲ. ಮೊದಲ ಕೆಲವು ತಿಂಗಳು ಮೀಟಿಂಗ್ ನಡೆಯುವ ಜಾಗಕ್ಕೇ ಹೋಗಿ.