ಊರಲ್ಲಾದ ಕೊಲೆ ಪತ್ತೆಯಾಗದೆ ಉಳಿದರೆ ಊರವರು ಏನು ಮಾಡಬಹುದು?

ನೀವು ಕೇಳಿರುವುದು ಇದು: ಊರಲ್ಲಿ ಕೊಲೆಯಾಗಿ ಮೂರು ವರ್ಷ ಆಯ್ತು, ಮಾಡಿದವರು ಯಾರು ಅಂತ ಗೊತ್ತಾಗಿಲ್ಲ, ಪೊಲೀಸರೂ ಸುಮ್ಮನಾಗಿದ್ದಾರೆ. ಊರವರು ಪ್ರತಿಭಟನೆ ಮಾಡಿದರೆ ಉಪಯೋಗ ಇದೆಯಾ?

ಮಾಡಿ, ಬೇಡ ಅನ್ನಲ್ಲ. ಆದರೆ ಅದರಿಂದಲೇ ಶುರು ಮಾಡಬೇಡಿ. ನಾವು ಹಾಗೆ ಮಾಡಿ ಒಂದು ವರ್ಷ ಕಳೆದುಕೊಂಡೆವು.

ನಮ್ಮದು ದಕ್ಷಿಣ ಕೊಡಗಿನ ಕಡೆ. ಪಕ್ಕದ ಕಾಫಿ ತೋಟದಲ್ಲಿ ರೈಟರ್ (ಕೂಲಿಯವರ ಹಾಜರಿ, ಲೆಕ್ಕ ಬರೆಯುವವರು) ಆಗಿದ್ದವರನ್ನು ಐದು ವರ್ಷದ ಹಿಂದೆ ಯಾರೋ ಗುಂಡು ಹೊಡೆದು ಕೊಂದರು. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮುಗಿದು ವಾರ ಆಗಿತ್ತು. ಬೆಳಗ್ಗೆ ಕಾಫಿ ಕೊಯ್ಯಲು ಹೊರಟ ಹೆಂಗಸರಿಗೆ ಗದ್ದೆ ದಾರಿಯಲ್ಲಿ ಶವ ಕಂಡಿತು. ಗುಂಡಿನ ಸದ್ದು ನಾನೂ ಕೇಳಿದ್ದೆ. ಗದ್ದೆಗೆ ಆನೆ ಇಳಿದಿದೆ, ಪಟಾಕಿ ಹೊಡೀತಿದ್ದಾರೆ ಅಂದುಕೊಂಡು ಮಗ್ಗುಲು ತಿರುಗಿಸಿ ಮಲಗಿದೆ. ಊರಲ್ಲಿ ಎಲ್ಲರದೂ ಇದೇ ಕಥೆ. ಬಂದೂಕು ಇರುವ ಮನೆ ಯಾವುದು ಅಂತ ಹುಡುಕೋಣ ಅಂದರೆ, ಇಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ, ಈಗ 2029ರವರೆಗೂ ಮುಂದುವರಿದಿದೆ. ಇಡೀ ಊರನ್ನೇ ಹುಡುಕಬೇಕು.

ಮೊದಲ ವರ್ಷ ನಾವು ಮಾಡಿದ್ದು ಮೇಣದ ಬತ್ತಿ ಮೆರವಣಿಗೆ, ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ ಒಂದು ಪ್ರತಿಭಟನೆ, ಅಧಿಕಾರಿಗಳಿಗೆ ಮನವಿ. ಫೋಟೋ ಚೆನ್ನಾಗಿ ಬಂತು. ಮನವಿ ತೆಗೆದುಕೊಂಡವರಿಗೆ ವರ್ಗಾವಣೆ ಆಯ್ತು. ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಇದೇ ಹೊತ್ತಿಗೆ ಒಂದು ದೊಡ್ಡ ತಪ್ಪೂ ಆಯ್ತು. ಕೊಲೆಯ ಮರುದಿನವೇ ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಹೊರಟುಹೋಗಿದ್ದ ಹೊರ ರಾಜ್ಯದ ಒಬ್ಬ ಹುಡುಗನ ಫೋಟೋವನ್ನು ಯಾರೋ ವಾಟ್ಸಾಪ್ ಗುಂಪಿಗೆ ಹಾಕಿದರು. ನಾನೂ ಎರಡು ಗುಂಪಿಗೆ ಕಳಿಸಿದೆ. ಪೊಲೀಸರು ವಿಚಾರಿಸಿದಾಗ ಅವನು ಅಕ್ಕನ ಮದುವೆಗೆ ಹೋಗಿದ್ದು ಅಂತ ಗೊತ್ತಾಯಿತು. ಟಿಕೆಟ್ ತಿಂಗಳ ಮುಂಚೆಯೇ ಮಾಡಿಸಿದ್ದ. ಅಷ್ಟರಲ್ಲಿ ಅವನಿಗೆ ನಮ್ಮ ಕಡೆ ಎಲ್ಲೂ ಕೆಲಸ ಸಿಗದ ಹಾಗಾಗಿತ್ತು. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಲೈನ್ ಮನೆಗಳಲ್ಲಿ ಇದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ಆ ರಾತ್ರಿ ಗದ್ದೆ ದಾರಿಗೆ ಹತ್ತಿರ ಇದ್ದವರು ಅವರೇ ಅಲ್ವಾ? ಹಾಗಾಗಿ ಅನುಮಾನದ ಹೆಸರು, ಫೋಟೋ ಯಾವುದನ್ನೂ ಹಾಕಬೇಡಿ. ನಿಮಗೆ ನೂರಕ್ಕೆ ನೂರು ಗ್ಯಾರಂಟಿ ಅನ್ನಿಸಿದರೂ ಠಾಣೆಗೆ ಮಾತ್ರ ಹೇಳಿ.

ದಾರಿ ತೋರಿಸಿದವರು ನಮ್ಮೂರಲ್ಲೇ ಇರುವ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ನಮ್ಮ 'ನ್ಯಾಯ ಬೇಕು' ಬ್ಯಾನರ್ ನೋಡಿ, "ಇದನ್ನು ಓದಿದವನು ಏನಂತ ಉತ್ತರ ಕೊಡಬೇಕು ಮಾರಾಯ್ರೆ? ಪ್ರಶ್ನೆ ಕೇಳಿ" ಅಂದರು.

ಆಮೇಲೆ ಮಾಡಿದ ಪೋಸ್ಟರ್‌ನಲ್ಲಿ ಮೇಲೆ ರೈಟರಣ್ಣನ ಫೋಟೋ: ತಲೆಗೆ ಮಫ್ಲರ್, ಕಂಕುಳಲ್ಲಿ ಚೆಕ್‌ರೋಲ್ (ಹಾಜರಿ) ಪುಸ್ತಕ, ಜನ ದಿನಾ ನೋಡುತ್ತಿದ್ದ ಹಾಗೆ. ಸ್ಟುಡಿಯೋ ಫೋಟೋ ಹಾಕಿದ್ದರೆ ಅರ್ಧ ಜನಕ್ಕೆ ಗುರುತೇ ಸಿಗುತ್ತಿರಲಿಲ್ಲ. ಕೆಳಗೆ ಇಷ್ಟೇ ಸಾಲು: "ಅವತ್ತು ಶನಿವಾರ, ಬಟವಾಡೆ ದಿನ. ರಾತ್ರಿ ಕರೆಂಟ್ ಹೋಗಿತ್ತು. ಸದ್ದು ಕೇಳಿದ್ದು ಕರೆಂಟ್ ಹೋಗುವ ಮುಂಚೆಯಾ, ಆಮೇಲಾ? ಗದ್ದೆ ದಾರಿಯಲ್ಲಿ ಯಾವುದಾದರೂ ಗಾಡಿ ನೋಡಿದಿರಾ?"

ಗಂಟೆ ಎಷ್ಟು ಅಂತ ಯಾರಿಗೂ ನೆನಪಿರಲ್ಲ. ಕರೆಂಟ್ ಹೋಗಿದ್ದು ನೆನಪಿರುತ್ತದೆ. ಎಷ್ಟು ಹೊತ್ತಿಗೆ ಹೋಯಿತು ಅನ್ನುವುದು ವಿದ್ಯುತ್ ಕಚೇರಿಯ ಪುಸ್ತಕದಲ್ಲಿ ಇರುತ್ತದೆ.

ಕನ್ನಡ, ಮಲಯಾಳಂ, ತಮಿಳು, ಹಿಂದಿ, ಬಂಗಾಳಿ, ಐದರಲ್ಲೂ ಮಾಡಿಸಿದೆವು. ಮಳೆಗಾಲದಲ್ಲಿ ಹೊರಗಿನ ಗೋಡೆಗೆ ಅಂಟಿಸಿದ್ದು ಎರಡು ದಿನ ನಿಲ್ಲಲ್ಲ, ಲ್ಯಾಮಿನೇಷನ್ ಮಾಡಿಸಿ ಬಸ್ ತಂಗುದಾಣದ ಒಳಗೆ, ರೇಷನ್ ಅಂಗಡಿಯಲ್ಲಿ ಹಾಕಿ. ಭಾನುವಾರ ಗೋಣಿಕೊಪ್ಪ ಸಂತೆಯಲ್ಲಿ ಕೈಗೇ ಕೊಟ್ಟೆವು. ಮಸೀದಿ, ಚರ್ಚ್, ದೇವಸ್ಥಾನದವರು ಹೇಳಿದ ಕೂಡಲೇ ಒಪ್ಪಿದರು. ಮುಖ್ಯವಾಗಿ ಡಿಸೆಂಬರ್ ಬಂದಾಗಲೆಲ್ಲ ಮತ್ತೆ ಹಾಕಬೇಕು. ಕೊಯ್ಲಿಗೆ ಬಂದವರು ಮುಗಿಸಿ ಹೋಗುತ್ತಾರೆ, ಮುಂದಿನ ವರ್ಷ ಕೆಲವರು ವಾಪಸ್ ಬರುತ್ತಾರೆ. (ಪೋಸ್ಟರ್‌ಗೆ ನಿಮ್ಮ ಮೊಬೈಲ್ ನಂಬರ್ ಹಾಕಬೇಡಿ. ನಾನು ಹಾಕಿದ್ದೆ. ರಾತ್ರಿ ಹನ್ನೊಂದಕ್ಕೆ ಕುಡಿದವರ ಜೊತೆ ಮಾತಾಡುವ ಭಾಗ್ಯ ಸಿಕ್ಕಿತು. ಠಾಣೆಯ ನಂಬರ್ ಸಾಕು.)

ಮೂರನೇ ಡಿಸೆಂಬರ್‌ನಲ್ಲಿ ಒಬ್ಬ ಹೆಂಗಸು ಬಂದರು. ಅನ್ನಕ್ಕೆ ಇಟ್ಟಿದ್ದೆ, ಸದ್ದು ಕೇಳಿತು, ಆಮೇಲೆ ಕರೆಂಟ್ ಹೋಯಿತು, ಒಂದೇ ಲೈಟ್ ಉರಿಯುತ್ತಿದ್ದ ಪಿಕಪ್ ಹೋಯಿತು ಅಂದರು. ಠಾಣೆ ಅಂದರೆ ಅವರಿಗೆ ಭಯ. ಇಂಥವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಮುಂದೆಯೂ ದಾಖಲಿಸಬಹುದು, ವಕೀಲರ ಹತ್ತಿರ ಕೇಳಿ.

ಈಗ ಕಾಗದದ ಕೆಲಸ. ಇದಿಲ್ಲದೆ ಉಳಿದದ್ದೆಲ್ಲ ಗಾಳಿಗೆ ಹೋಗುತ್ತದೆ. ಆರೋಪಿ ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಕೊಡುವುದು ಸಿ ರಿಪೋರ್ಟ್. ಬಿ ರಿಪೋರ್ಟ್ ಬೇರೆ, ಅದು ದೂರಿನಲ್ಲಿ ಹುರುಳಿಲ್ಲ ಅನ್ನುವಾಗ. ರಿಪೋರ್ಟ್ ಒಪ್ಪುವ ಮುಂಚೆ ದೂರು ಕೊಟ್ಟವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆಗ ತಕರಾರು ಅರ್ಜಿ ಹಾಕಬಹುದು. ಸಿ ರಿಪೋರ್ಟ್ ಹಾಕಿದ ಮೇಲೂ ಹೊಸ ಸುಳಿವು ಸಿಕ್ಕರೆ ಮುಂದುವರಿದ ತನಿಖೆಗೆ ಅವಕಾಶ ಇದೆ: ಹಳೆಯ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 173(8), 2024ರ ಜುಲೈಯಿಂದ ಅದರ ಬದಲಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 193(9). ಕೊಲೆ ಕೇಸಿಗೆ ಕಾಲಮಿತಿ ಇಲ್ಲ. ಹತ್ತು ವರ್ಷ ಆಯ್ತು, ಮುಗೀತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪಟ್ಟು ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೇಸ್ ನೋಡಿ. 2015ರ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಕೊಲೆಯಾಯಿತು. ಅವರ ಪತ್ನಿ ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರವರಿಯಲ್ಲಿ ಕೋರ್ಟ್ ಅದನ್ನು ಪತ್ರಕರ್ತೆ ಗೌರಿ ಲಂಕೇಶ್ ಕೊಲೆಯ ತನಿಖೆ ಮಾಡುತ್ತಿದ್ದ ಎಸ್‌ಐಟಿಗೆ (ವಿಶೇಷ ತನಿಖಾ ತಂಡ) ಒಪ್ಪಿಸಿತು, ಅದೇ ವರ್ಷ ಆರೋಪಪಟ್ಟಿ ಬಂತು. ಅವರು ದೊಡ್ಡ ಹೆಸರು, ನಮ್ಮ ರೈಟರಣ್ಣನಿಗೆ ಅಷ್ಟು ಜನ ಇಲ್ಲ ನಿಜ. ಆದರೆ ಅಲ್ಲೂ ಕೇಸ್ ಕದಲಿದ್ದು ಅರ್ಜಿಯಿಂದ.

ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಕೊಲೆ ಮಾಡಿದವರು ಸಿಗದಿದ್ದರೂ, ವಿಚಾರಣೆಯೇ ನಡೆಯದಿದ್ದರೂ ಅವಲಂಬಿತರು ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ರೈಟರಣ್ಣನ ಹೆಂಡತಿಗೆ ಇದು ತಿಳಿದಿದ್ದು ನಾಲ್ಕನೇ ವರ್ಷ. ನಾವು ಬ್ಯಾನರ್‌ಗೆ ದುಡ್ಡು ಎತ್ತುತ್ತಿದ್ದಾಗ ಅವರು ಮಗಳ ಫೀಸಿಗೆ ಓಲೆ ಅಡವಿಟ್ಟಿದ್ದರಂತೆ. ಆ ಮನೆಗೆ ಹೋಗಿ ಕೇಳಬೇಕು ಅಂತ ನಮಗೆ ಹೊಳೆದಿರಲಿಲ್ಲ.

ನಮ್ಮ ಕೇಸಿನಲ್ಲಿ ಇನ್ನೂ ಯಾರೂ ಸಿಕ್ಕಿಲ್ಲ. ಆ ಹೆಂಗಸಿನ ಹೇಳಿಕೆ ದಾಖಲಾಗಿದೆ, ಪಿಕಪ್ ಬಗ್ಗೆ ವಿಚಾರಣೆ ನಡೀತಿದೆ. ಬರುವ ಡಿಸೆಂಬರ್‌ಗೆ ಹೊಸ ಪೋಸ್ಟರ್‌ನಲ್ಲಿ ಆ ಒಂಟಿ ಲೈಟಿನ ವಿಷಯ ಹಾಕಬಹುದಾ ಅಂತ ಠಾಣೆಯವರನ್ನು ಕೇಳಿದ್ದೇವೆ.

ನಿಮ್ಮ ಕೇಸಿನಲ್ಲಿ ಸಿ ರಿಪೋರ್ಟ್ ಹಾಕಿದ್ದಾರಾ, ನೋಟಿಸ್ ಬಂದಿತ್ತಾ ಅಂತ ಮನೆಯವರನ್ನು ಕೇಳಿ ಇಲ್ಲೇ ಕೆಳಗೆ ಬರೆಯಿರಿ. ಅದು ಗೊತ್ತಾದರೆ ಯಾವ ಅರ್ಜಿ, ಎಲ್ಲಿಗೆ ಅಂತ ಹೇಳುತ್ತೇನೆ.